ಯಾವ ಊರು ನಿಮ್ಮದು?

ವಿಮಾನ ನಿಲ್ದಾಣ ಒಂದು ನಾಡಿನ ಹೊಸ್ತಿಲು ಇದ್ದಂತೆ. ದೆಹಲಿಯ ಮೂರನೇ ಟರ್ಮಿನಲ್‌ನಲ್ಲಿ ನೃತ್ಯಮುದ್ರೆಗಳ ದೊಡ್ಡ ಕೈಗಳು ಸ್ವಾಗತಿಸುತ್ತವೆ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಮಾವೊರಿ ಜನರ ಕೆತ್ತನೆಯ ಹೆಬ್ಬಾಗಿಲಿದೆ. ನಮ್ಮ ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲಿ ಬಿದಿರು ಮತ್ತು ತೂಗುತೋಟಗಳಿವೆ, ಹೊರಗೆ 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆಯಿದೆ. ತಾನು ಯಾರು ಎಂದು ಹೇಳಲು ಪ್ರತಿ ನಾಡೂ ಹೀಗೆ ಒಂದು ಗುರುತನ್ನು ಆರಿಸಿಕೊಳ್ಳುತ್ತದೆ.

ಆದರೆ ಬಂದವರ ಮನಸ್ಸಿನಲ್ಲಿ ಉಳಿಯುವುದು ಹೆಚ್ಚಾಗಿ ಜನರ ಮಾತು. ಕಳೆದ ವರ್ಷ ಉಮ್ರಾ ಮುಗಿಸಿ ಬಂದ ನಾನಿಯನ್ನು ಕರೆತರಲು ಬೆಂಗಳೂರಿಗೆ ಹೋಗಿದ್ದೆವು. ಎಲ್ಲರೊಡನೆ ಕನ್ನಡದಲ್ಲಿ ಹರಟುತ್ತಿದ್ದ ಪ್ರಯಾಣಿಕರೊಬ್ಬರು ನಾನಿಯ ಬುರ್ಖಾ ನೋಡಿ, ಯಾವ ಊರು ಎಂದು ಹಿಂದಿಯಲ್ಲಿ ಕೇಳಿದರು. ನಾನಿ ನಗುತ್ತಾ, “ಕನ್ನಡದಲ್ಲೇ ಕೇಳಪ್ಪ, ನಾನು ಶಿರಾದವಳು” ಎಂದರು. “ಹೌದಾ ಅಮ್ಮ? ನಮ್ಮದು ಪಕ್ಕದ ಮಧುಗಿರಿ!” ಎಂದು ಅವರೇ ನಾನಿಯ ಚೀಲ ಎತ್ತಿಕೊಂಡರು.

ನಮ್ಮ ಮನೆಮಾತು ಉರ್ದು. ಅಂಗಡಿ, ಶಾಲೆ, ನೆರೆಹೊರೆಯ ಮಾತು ಕನ್ನಡ. ಎರಡೂ ನಮ್ಮವೇ. ಉಡುಪು ನೋಡಿ ಒಬ್ಬರ ಊರನ್ನು ನಾವೇ ತೀರ್ಮಾನಿಸದಿದ್ದರೆ, ಗೋಡೆಯ ಮೇಲಿನ ಸ್ವಾಗತ ನಿಜವಾಗುತ್ತದೆ. ಹೊರಗಿನವರಿಗೂ, ಮನೆಗೆ ಮರಳುವ ನಮ್ಮವರಿಗೂ.