ನಮ್ಮ ವ್ಯಾನಿನ ನಾಲ್ಕನೇ ಗೇರು



ಕ್ರಿಸ್ಮಸ್ ಮುಗಿದ ಮೇಲೆ ನಮ್ಮ ಬಿಳಿ ಓಮ್ನಿ ಯಾಕೆ ಕಾಣುತ್ತಿಲ್ಲ ಎಂದು ನಿಮ್ಮಲ್ಲಿ ಬಹಳ ಜನ ಕೇಳಿದಿರಿ. "ಗೇರ್ ಪ್ರಾಬ್ಲಮ್" ಎಂದು ಹೇಳಿ ನಾವು ಜಾರಿಕೊಂಡೆವು. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಈಗ ವ್ಯಾನ್ ಮತ್ತೆ ಓಡುತ್ತಿದೆ. ನಡೆದದ್ದನ್ನು ನಡೆದ ಹಾಗೇ ಬರೆಯಬೇಕೆಂದು ಯುವಜನರ ಸಮಿತಿಯ ನಾವು ಏಳು ಜನ ಕೂತು ತೀರ್ಮಾನಿಸಿದ್ದೇವೆ. ಇದರಲ್ಲಿ ಗೇರ್‌ಬಾಕ್ಸಿನ ವಿಷಯವೇ ಹೆಚ್ಚು. ಹಳೇ ವ್ಯಾನ್ ಇಟ್ಟುಕೊಂಡಿರುವ ಮನೆಗಳಿಗೆ ಅದರಿಂದಲೂ ಉಪಯೋಗವಾಗಬಹುದು.

ವ್ಯಾನ್ ಎಷ್ಟು ಹಳೆಯದು ಎಂದು ನಿಮಗೆ ಗೊತ್ತೇ ಇದೆ. ಮಾರುತಿಯವರು ಈ ವ್ಯಾನ್ ಬಿಟ್ಟಿದ್ದು 1984ರಲ್ಲಿ, ನಿಲ್ಲಿಸಿದ್ದು 2019ರಲ್ಲಿ. ನಮ್ಮದು ಅದರ ನಡುವಿನ ಯಾವುದೋ ಕಾಲದ್ದು, ಮೂರನೇ ಕೈಗೆ ನಮಗೆ ಬಂದದ್ದು. ನಂಬರು ಆಂಧ್ರದ್ದು, ರಿಪೇರಿ ಬಳ್ಳಾರಿಯದ್ದು. ನಮ್ಮ ಕಡೆ ಎಲ್ಲವೂ ಹೀಗೇ ತಾನೆ? 1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಹೋಯಿತು. ಆದರೂ ಜ್ವರ ಬಂದರೆ, ಮದುವೆಗೆ ಸೀರೆ ಬೇಕಾದರೆ, ಗಾಡಿ ಕೆಟ್ಟರೆ ನಮ್ಮ ಜನ ಇವತ್ತಿಗೂ ಬಳ್ಳಾರಿಗೇ ಹೋಗುವುದು. ಬೊಮ್ಮನಹಾಳ್, ನೇಮಕಲ್ಲಿನ ಕಡೆಯ ನಾಲ್ಕಾರು ಮನೆಯ ಹಿರಿಯರನ್ನು ಭಾನುವಾರ ಪೂಜೆಗೆ ಕರೆತರುವುದು, ಯಾರಿಗಾದರೂ ಹುಷಾರಿಲ್ಲದಿದ್ದರೆ ಬಳ್ಳಾರಿಯ ಆಸ್ಪತ್ರೆಗೆ ಮುಟ್ಟಿಸುವುದು, ಗಾಯನ ಮಂಡಳಿಯ ಡೋಲಕ್, ಕೀಬೋರ್ಡ್ ಹೊರುವುದು, ಇಷ್ಟೂ ಆ ಒಂದು ಗಾಡಿಯ ಕೆಲಸ.

ಹೋದ ಬೇಸಿಗೆಯಲ್ಲಿ ಅದರ ಎಂಜಿನ್ ಹೋಯಿತು. ರೇಡಿಯೇಟರ್ ಪೈಪ್ ಒಡೆದು ನೀರು ಖಾಲಿಯಾಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಬಿಸಿಯಾದಾಗ "ಬಿಸಿಲು ಜಾಸ್ತಿ" ಎಂದುಕೊಂಡು ಕೂತಿದ್ದೆವು. ಹಳೇ ಎಂಜಿನ್ ಬಿಚ್ಚಿಸಿ ಮಾಡಿಸುವುದಕ್ಕಿಂತ ಗುಜರಿಯಲ್ಲಿ ಇನ್ನೊಂದು ಎಂಜಿನ್ ತಂದು ಕೂರಿಸುವುದೇ ಸಸ್ತಾ ಎಂದರು. ನಾಲ್ಕು ಭಾನುವಾರ ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಸ್ಟಾಲ್ ಹಾಕಿ ದುಡ್ಡು ಕೂಡಿಸಿದೆವು. ಎಂಜಿನ್ ಬೆಂಗಳೂರಿನ ಶಿವಾಜಿನಗರದಿಂದ ಲಾರಿಯಲ್ಲಿ ಬಂತು. ಅದೇ 796 ಸಿಸಿ, ಅದೇ ಮೂರು ಸಿಲಿಂಡರು, ಆದರೆ ನಮ್ಮ ಗಾಡಿಗಿಂತ ಹೊಸ ಗಾಡಿಯದ್ದು. ಗೇರ್‌ಬಾಕ್ಸ್ ಮಾತ್ರ ನಮ್ಮದೇ ಹಳೆಯದು. ಹಳೇ ಎಂಜಿನ್ನನ್ನು ತೂಕಕ್ಕೆ ಹಾಕಿ ಬಂದ ದುಡ್ಡಿನಲ್ಲಿ ಟೀ ಕುಡಿದೆವು. ಆ ಟೀ ಎಷ್ಟು ದುಬಾರಿ ಎಂದು ಆಮೇಲೆ ತಿಳಿಯಿತು.

ಹದಿನೈದು ದಿನ ಗಾಡಿ ಚೆನ್ನಾಗಿ ಓಡಿತು. ಆಮೇಲೆ ರಿವರ್ಸ್ ಹಾಕುವಾಗ "ಕರ್ರ್" ಎನ್ನತೊಡಗಿತು. ಒಂದು ತಿಂಗಳು ಹೋದ ಮೇಲೆ ನಾಲ್ಕನೇ ಗೇರು ತಾನಾಗಿಯೇ ನ್ಯೂಟ್ರಲ್‌ಗೆ ಬೀಳತೊಡಗಿತು. ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ಆಕ್ಸಲರೇಟರ್ ಮೇಲಿಂದ ಕಾಲು ಸ್ವಲ್ಪ ಎತ್ತಿದರೆ ಸಾಕು, ಲಿವರ್ ಟಕ್ ಎಂದು ನ್ಯೂಟ್ರಲ್‌ಗೆ ಬರುತ್ತಿತ್ತು.

ಗಾಡಿ ಓಡಿಸುತ್ತಿದ್ದವನು ನಮ್ಮಲ್ಲೇ ಒಬ್ಬ. ಹೆಸರು ಬೇಡ ಎಂದು ಅವನೇ ಹೇಳಿದ್ದಾನೆ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗ. ಒಂದು ರೂಪಾಯಿ ತೆಗೆದುಕೊಳ್ಳದೆ ಎರಡು ವರ್ಷದಿಂದ ಓಡಿಸುತ್ತಿದ್ದ. ಗೇರ್ ಸದ್ದು ಮಾಡಿದಾಗಲೆಲ್ಲ ಹಿಂದಿನ ಸೀಟಿನಿಂದ ನಾವು "ಏ, ಕ್ಲಚ್ ಪೂರ್ತಿ ತುಳಿಯೋ" ಎಂದು ನಗುತ್ತಿದ್ದೆವು. ಅವನು ಎಡಗೈಯಲ್ಲಿ ಲಿವರನ್ನು ಒತ್ತಿ ಹಿಡಿದುಕೊಂಡೇ ಬಳ್ಳಾರಿಗೆ ಹೋಗಿ ಬರುತ್ತಿದ್ದ. "ಇದು ನನ್ನ ಕಾಲಿಂದಲ್ಲ, ಏನೋ ಆಗೈತೆ" ಎಂದು ಎರಡು ಸಲ ಹೇಳಿದ. ನಾವು ಕೇಳಿಸಿಕೊಳ್ಳಲಿಲ್ಲ.

ಡಿಸೆಂಬರಿನಲ್ಲಿ ಮನೆಮನೆಗೆ ಕ್ಯಾರೊಲ್ ಹಾಡಲು ಹೋಗಿದ್ದ ರಾತ್ರಿ. ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ಏರಿಯ ಮೇಲೆ ಬರುತ್ತಿದ್ದೆವು. ಗಾಡಿಯಲ್ಲಿ ಐದು ಜನ ಮಕ್ಕಳು, ಇಬ್ಬರಿಗೆ ನಿದ್ದೆ. ಎದುರಿಗೆ ಭತ್ತದ ಹುಲ್ಲಿನ ಟ್ರ್ಯಾಕ್ಟರ್ ಬಂತು. ಜಾಗ ಬಿಡಲು ಹಿಂದೆ ಹೋಗಬೇಕು, ರಿವರ್ಸ್ ಬೀಳುತ್ತಿಲ್ಲ. ಅವನು ಮತ್ತೆ ಮತ್ತೆ ಹಾಕುತ್ತಿದ್ದಾನೆ, ಅದು ಮತ್ತೆ ಮತ್ತೆ ಕಿರುಚುತ್ತಿದೆ. ಅಷ್ಟರಲ್ಲಿ ಗಾಡಿ ಒಂದು ಮೊಳ ನೀರಿನ ಕಡೆಗೆ ಸರಿಯಿತು. ಮಕ್ಕಳನ್ನು ಇಳಿಸಿ, ನಾವೆಲ್ಲ ಮುಂದಿನಿಂದ ತಳ್ಳಿ ಗಾಡಿಯನ್ನು ಹಿಂದಕ್ಕೆ ತಂದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಹೆದರಿಕೆ ಇಳಿದ ಮೇಲೆ ಸಿಟ್ಟು ಬಂತು, ಆ ಸಿಟ್ಟಿಗೆ ಒಬ್ಬ ಬೇಕಾಗಿತ್ತು. ಮಕ್ಕಳ ತಂದೆತಾಯಿಯರ ಮುಂದೆ, ಟ್ರ್ಯಾಕ್ಟರಿನವರ ಮುಂದೆ, ಬಾಯಿಗೆ ಬಂದದ್ದು ಅಂದೆವು. "ಯಾವಾಗ್ಲೂ ಕಾಲು ಕ್ಲಚ್ ಮೇಲೇ ಇಟ್ಕೊಂಡು ಗೇರ್‌ಬಾಕ್ಸ್ ತಿಂದ್ಬಿಟ್ಟೆ" ಎಂದದ್ದು ನಮ್ಮಲ್ಲಿ ಯಾರು ಎಂದು ಈಗ ಹುಡುಕುವುದಿಲ್ಲ. ಎಲ್ಲರೂ ಹೂಂ ಅಂದಿದ್ದೆವು. ಮರುದಿನ ಕೀ ವಾಪಸ್ ತೆಗೆದುಕೊಂಡೆವು. ಅವನು ಕ್ರಿಸ್ಮಸ್ ಪೂಜೆಯಲ್ಲಿ ಹಿಂದೆ ನಿಂತಿದ್ದ. ಬೂದಿ ಬುಧವಾರಕ್ಕೆ ಅದೂ ಇಲ್ಲ.

ಆಮೇಲೆ ಗೇರ್‌ಬಾಕ್ಸ್ ಇಳಿಸಿದೆವು. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಗೇರ್ ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಚಕ್ರಗಳನ್ನು ಕೂಡಿಸಬೇಕು. ಅವುಗಳ ನಡುವೆ ಹಿತ್ತಾಳೆಯ ಉಂಗುರ ಒಂದಿದೆ, ಸಿಂಕ್ರೊನೈಸರ್ ರಿಂಗ್. ಅದು ಮೊದಲು ಉಜ್ಜಿ ಎರಡರ ವೇಗವನ್ನೂ ಸರಿಮಾಡುತ್ತದೆ, ಆಮೇಲೆ ಹಲ್ಲು ಕಚ್ಚಿಕೊಳ್ಳುತ್ತದೆ. ಕಾರಿನಲ್ಲಿ ಇದನ್ನು ಮೊದಲು ತಂದದ್ದು ಅಮೆರಿಕದ ಕ್ಯಾಡಿಲಾಕ್, 1928ರಲ್ಲಿ. ಈ ರಿಂಗ್ ಸವೆದರೆ ಗೇರ್ ಕಿರುಚುತ್ತದೆ. ಹಾಗಾಗಿ ಮೆಕ್ಯಾನಿಕ್ ರಿಂಗ್ ಬದಲಿಸಿದ, 90 ನಂಬರಿನ ಹೊಸ ಆಯಿಲ್ ಹಾಕಿದ, ಲಿವರಿನ ರಾಡಿನ ಬುಷ್ ಹೊಸದು ಹಾಕಿದ. ಒಂದು ವಾರಕ್ಕೆ ಮತ್ತೆ ಅದೇ ಕಥೆ. ಆಗ ಬಾಕ್ಸನ್ನೇ ಬದಲಿಸಿ ಎಂದರು. ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್ ತಂದು ಕೂರಿಸಿದೆವು. ಹತ್ತು ದಿನಕ್ಕೆ ಅದರ ನಾಲ್ಕನೇ ಗೇರೂ ಬೀಳತೊಡಗಿತು. ಈ ಹೊತ್ತಿನಲ್ಲಿ ಓಡಿಸುತ್ತಿದ್ದದ್ದು ಅವನಲ್ಲ, ನಾವು. ಅಷ್ಟಾದರೂ ನಮ್ಮ ತಲೆಗೆ ಹೋಗಲಿಲ್ಲ ಎಂಬುದೇ ಆಶ್ಚರ್ಯ. "ಇದೂ ಕೆಟ್ಟ ಬಾಕ್ಸೇ ಕೊಟ್ಟವ್ನೆ" ಎಂದು ಮಾರಿದವನನ್ನು ಬೈದೆವು.

ಆಂಜನೇಯನ ಗುಡಿಗೆ ಹೆಸರಾದ ನೇಮಕಲ್ಲಿನಲ್ಲಿ, ನಮ್ಮ ಪೂಜೆಗೆ ಬರುವ ಒಂದು ಅಜ್ಜಿಯ ಮನೆಯ ಪಕ್ಕ ಒಬ್ಬ ತಾತ ಇದ್ದಾರೆ. ನಲವತ್ತು ವರ್ಷ ಲಾರಿ, ಕಂಕರ್ ಟಿಪ್ಪರ್ ಓಡಿಸಿದವರು. ನಮ್ಮ ಸಭೆಯವರಲ್ಲ. ಫೆಬ್ರವರಿಯ ಒಂದು ಭಾನುವಾರ ಅಜ್ಜಿಯನ್ನು ಬಿಡಲು ಹೋದಾಗ ಗೇರ್ ಕಿರುಚಿದ್ದು ಕೇಳಿ ಕಟ್ಟೆಯಿಂದ ಎದ್ದು ಬಂದರು.

"ಯಾವಾಗಿಂದ ಹಿಂಗೆ?"

"ನಾಲ್ಕೈದು ತಿಂಗಳಾಯ್ತು ತಾತ. ಗೇರ್‌ಬಾಕ್ಸ್ ಚೇಂಜ್ ಮಾಡಿದ್ರೂ ಹೋಗ್ತಿಲ್ಲ."

"ಗೇರ್‌ಬಾಕ್ಸ್ ಬಿಡ್ರಪ್ಪ. ಅದಕ್ಕೆ ಮುಂಚೆ ಏನು ಮಾಡಿದ್ರಿ ಗಾಡಿಗೆ?"

ಎಂಜಿನ್ ಬದಲಿಸಿದ ವಿಷಯವನ್ನು ಆವರೆಗೆ ಗೇರ್ ರಿಪೇರಿಯವರಿಗೆ ನಾವು ಹೇಳಿಯೇ ಇರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಎಂಜಿನ್ ಒಂದು ಕಡೆ ಮಾಡಿಸಿದ್ದು, ಗೇರ್ ಇನ್ನೊಂದು ಕಡೆ.

ತಾತ ಸೀಟಿನಲ್ಲಿ ಕೂತು ಮೂರು ಕೆಲಸ ಮಾಡಿದರು. ಎಂಜಿನ್ ಆಫ್ ಮಾಡಿ ಎಲ್ಲ ಗೇರನ್ನೂ ಹಾಕಿ ನೋಡಿದರು. ಬೆಣ್ಣೆಯ ಹಾಗೆ ಬಿದ್ದವು. "ಅಂದ್ರೆ ಲಿವರು, ರಾಡು ಸರಿ ಅದಾವೆ." ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ ಬಿಟ್ಟು ತುಳಿದು ಸದ್ದು ಕೇಳಿದರು. ಕ್ಲಚ್ ಬಿಟ್ಟಾಗ ಮಾತ್ರ ಸದ್ದು ಬಂದರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್, ತುಳಿದಾಗ ಮಾತ್ರ ಬಂದರೆ ರಿಲೀಸ್ ಬೇರಿಂಗ್ ಎಂದು ಗುರುತಂತೆ. ನಮ್ಮದರಲ್ಲಿ ತುಳಿದ ಮೇಲೂ ಒಳಗೆ ಏನೋ ಸಣ್ಣಗೆ ಗುಂಯ್‌ಗುಡುತ್ತಿತ್ತು. ಮೂರನೆಯದು: ಕ್ಲಚ್ ಪೂರ್ತಿ ತುಳಿದು ಹಿಡಿದು, ಬಾಯಲ್ಲಿ ಹತ್ತು ಎಣಿಸಿ, ನಿಧಾನವಾಗಿ ರಿವರ್ಸ್ ಹಾಕಿದರು. ಕರ್ರ್. ಕ್ಲಚ್ ಸರಿಯಾಗಿ ಬಿಟ್ಟಿದ್ದರೆ ಹತ್ತು ಎಣಿಸುವಷ್ಟರಲ್ಲಿ ಗೇರ್‌ಬಾಕ್ಸಿನ ಶಾಫ್ಟ್ ನಿಂತುಬಿಡಬೇಕು. ನಿಂತಿಲ್ಲ ಎಂದರೆ ಯಾವುದೋ ಒಂದು ಅದನ್ನು ತಿರುಗಿಸುತ್ತಲೇ ಇದೆ. ಕೇಬಲ್ ಎಳೆದು ನೋಡಿದರು, ಪೆಡಲಿನ ಆಟ ಸರಿಯಾಗಿಯೇ ಇತ್ತು.

"ಯಾರೇ ಕೂತು ಓಡಿಸಿದ್ರೂ ಇದು ಹಿಂಗೇ ಅನ್ನೋದು" ಎಂದರು ತಾತ, ನಾವು ಏನೂ ಕೇಳಿರಲಿಲ್ಲ. ಗೇರ್‌ಬಾಕ್ಸ್ ಸುಮ್ಮನೆ ಬಿಟ್ಟು ಎಂಜಿನ್ನೂ ಬಾಕ್ಸೂ ಕೂಡುವ ಜಾಗ ಬಿಚ್ಚಿ ನೋಡಿ, ಬಿಚ್ಚುವಾಗ ನಾನೂ ಬರ್ತೀನಿ ಎಂದರು. ಅವತ್ತು ಬೊಮ್ಮನಹಾಳ್‌ವರೆಗೆ ಅವರೇ ಓಡಿಸಿಕೊಂಡು ಬಂದರು. ಪ್ರತಿ ಗೇರಿಗೂ ಎರಡು ಸಲ ಕ್ಲಚ್ ತುಳಿದು, ಗೇರ್ ಇಳಿಸುವಾಗ ನಡುವೆ ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಒಂದಿಷ್ಟು ರೇಸ್ ಮಾಡಿ. ಡಬಲ್ ಕ್ಲಚ್. ಸಿಂಕ್ರೊನೈಸರ್ ಇಲ್ಲದ ಲಾರಿಗಳಲ್ಲಿ ಕಲಿತ ಕೈ. ಒಂದು ಸಲವೂ ಕಿರುಚಲಿಲ್ಲ. ನಾವು ಬಾಯಿ ಮುಚ್ಚಿಕೊಂಡು ಕೂತಿದ್ದೆವು.

ಬಿಚ್ಚಿದಾಗ ಕಂಡದ್ದು ಇಷ್ಟು. ಗೇರ್‌ಬಾಕ್ಸಿನಿಂದ ಬರುವ ಶಾಫ್ಟಿನ ತುದಿ ಎಂಜಿನ್ ಕಡೆ ಫ್ಲೈವ್ಹೀಲಿನ ನಡುವೆ ಒಂದು ಪುಟ್ಟ ಬೇರಿಂಗಿನಲ್ಲಿ ಕೂರುತ್ತದೆ, ಪೈಲಟ್ ಬೇರಿಂಗ್ ಅನ್ನುತ್ತಾರೆ. ಕ್ಲಚ್ ತುಳಿದಾಗ ಫ್ಲೈವ್ಹೀಲ್ ತಿರುಗುತ್ತಿರಬೇಕು, ಶಾಫ್ಟ್ ನಿಲ್ಲಬೇಕು, ನಡುವೆ ಈ ಬೇರಿಂಗ್ ಇಬ್ಬರನ್ನೂ ಬಿಡಿಸಿ ಇಡಬೇಕು. ನಮ್ಮ ಗುಜರಿ ಎಂಜಿನ್ ಎಷ್ಟು ಮಳೆಗಾಲ ಬಯಲಲ್ಲಿ ಬಿದ್ದಿತ್ತೋ, ಆ ಬೇರಿಂಗ್ ತುಕ್ಕು ಹಿಡಿದು ಕಲ್ಲಾಗಿತ್ತು. ಕ್ಲಚ್ ಎಷ್ಟು ತುಳಿದರೂ ಅದು ಶಾಫ್ಟನ್ನು ಎಳೆದುಕೊಂಡೇ ತಿರುಗುತ್ತಿತ್ತು. ರಿವರ್ಸ್ ಕಿರುಚಿದ್ದು ಅದಕ್ಕೆ. ಕ್ಲಚ್ ಪ್ಲೇಟ್ ಬಿಚ್ಚದೆ ಅಲ್ಲಿಗೆ ಕೈ ಹೋಗುವುದಿಲ್ಲ, ಹಾಗಾಗಿ ಬಾಕ್ಸ್ ಎರಡು ಸಲ ಇಳಿಸಿದರೂ ಯಾರಿಗೂ ಸಿಕ್ಕಿರಲಿಲ್ಲ.

ನಾಲ್ಕನೇ ಗೇರಿನ ಕಾರಣ ಇನ್ನೂ ಚಿಕ್ಕದು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಬೋಲ್ಟುಗಳ ಜೊತೆಗೆ ಎರಡು ಗಿಡ್ಡ ಉಕ್ಕಿನ ಗೂಟಗಳಿರಬೇಕು, ಡೋವೆಲ್ ಪಿನ್. ಬೋಲ್ಟಿನ ತೂತಿನಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ. "ಬೋಲ್ಟು ಬಿಗಿ ಹಿಡಿತೈತೆ, ಜಾಗ ತೋರ್ಸೋದು ಪಿನ್ನು" ಎಂದರು ತಾತ. ಪಿನ್ ಎರಡೂ ಇರಲಿಲ್ಲ. ಅವು ನಮ್ಮ ಹಳೇ ಎಂಜಿನ್ನಿನಲ್ಲೇ ಉಳಿದು, ಅದರ ಜೊತೆ ತೂಕಕ್ಕೆ ಹೋಗಿದ್ದವು. ಓಮ್ನಿಯಲ್ಲಿ ನಾಲ್ಕನೇ ಗೇರು ಎಂದರೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ನೇರ ಒಂದಾಗುವುದು. ಎರಡೂ ಒಂದೇ ಗೆರೆಯಲ್ಲಿರಬೇಕು. ಬಾಕ್ಸ್ ಒಂದಿಷ್ಟು ಓರೆಯಾಗಿ ಕೂತಿದ್ದರಿಂದ ಪ್ರತಿ ಸುತ್ತಿಗೂ ಕೂಡುವ ತೋಳು ಸ್ವಲ್ಪ ಸ್ವಲ್ಪ ಹಿಂದೆ ಜರುಗಿ ಕೊನೆಗೆ ಹಾರಿಬಿಡುತ್ತಿತ್ತು. ಎರಡನೇ ಬಾಕ್ಸೂ ಅದೇ ಓರೆಯಲ್ಲಿ ಕೂತಿತ್ತು.

ಬೇರಿಂಗ್ ಹೊಸದು ತಂದೆವು. ಪಿನ್ ಲೇತ್‌ನಲ್ಲಿ ಮಾಡಿಸೋಣ ಎಂದರೆ ತಾತ ಒಪ್ಪಲಿಲ್ಲ. ಇನ್ನೊಂದು ಹಳೇ ಎಂಜಿನ್ನಿನಿಂದಲೇ ತೆಗೆಸಿದರು. ಸೆಕೆಂಡ್ ಹ್ಯಾಂಡ್ ಬಾಕ್ಸ್ ವಾಪಸ್ ಕೊಟ್ಟೆವು. ಮಾರಿದವನಿಗೆ ಕ್ಷಮೆಯನ್ನೂ ಕೇಳಿದೆವು, ಅವನು ನಕ್ಕು ಅರ್ಧ ದುಡ್ಡು ಕೊಟ್ಟ. ಗೋಣಿಚೀಲದಲ್ಲಿ ಸುತ್ತಿ ಮೂಲೆಗೆ ತಳ್ಳಿದ್ದ ನಮ್ಮ ಸ್ವಂತ ಬಾಕ್ಸನ್ನೇ ಮತ್ತೆ ಏರಿಸಿದೆವು. ಬೋಲ್ಟ್ ಹಾಕುವ ಮೊದಲೇ ಅದು ಪಿನ್ನಿನ ಮೇಲೆ ಟಕ್ ಎಂದು ಕೂತಿತು. ಅದರಲ್ಲಿ ಏನೂ ತಪ್ಪಿರಲಿಲ್ಲ. ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬದಲಾಯಿಸದೆ ಓಡಿಸುತ್ತಿದ್ದದ್ದೂ ತಪ್ಪು, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ವಿಷಯ. ಆ ಅರ್ಜಿ ಈಗ ಹಾಕಿದ್ದೇವೆ. ಎಂಜಿನ್ ಬದಲಿಸುವವರು ಬಿಲ್ಲು ಕೇಳಿ ಇಟ್ಟುಕೊಳ್ಳಿ.

ಆ ಸಂಜೆ ಏಳು ಜನವೂ ಅವನ ಮನೆಗೆ ಹೋದೆವು. ದಾರಿಯಲ್ಲಿ ಯಾರು ಮಾತಾಡಬೇಕು ಎಂದು ಜಗಳ. ಅವನ ಅಮ್ಮ ಬಾಗಿಲಲ್ಲೇ ನಿಂತು, "ಬರ್ರಿ ಅನ್ನಲ್ಲ ನಾನು. ನನ್ ಮಗ ರಾತ್ರಿ ಎಲ್ಲಾ ನಿದ್ದೆ ಮಾಡ್ದೆ, ನಾನೇ ಏನೋ ತಪ್ಪು ಮಾಡಿದ್ನೇನಮ್ಮ ಅಂತಿದ್ದ. ಆ ಮಕ್ಕಳು ನೀರಿಗೆ ಬಿದ್ದಿದ್ರೆ ಅಂತಿದ್ದ" ಎಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ತುಕ್ಕು ಹಿಡಿದ ಬೇರಿಂಗನ್ನು ಕಾಗದದಲ್ಲಿ ಸುತ್ತಿ ತಂದಿದ್ದೆವು. ಅದನ್ನು ಅವರ ಕೈಗೆ ಕೊಟ್ಟು, "ಇದು ಮಾಡಿದ್ದಮ್ಮ. ಅವನಲ್ಲ. ನಾವು ಎಲ್ಲರ ಮುಂದೆ ಅವನನ್ನ ಅಂದ್ವಿ, ಎಲ್ಲರ ಮುಂದೇನೇ ತಪ್ಪಾಯ್ತು ಅಂತೀವಿ" ಎಂದೆವು. ಅವರು ಬೇರಿಂಗನ್ನು ತಿರುಗಿಸಲು ನೋಡಿದರು. ತಿರುಗಲಿಲ್ಲ. ಒಳಗೆ ಹೋಗಿ ಮಗನನ್ನು ಕರೆದರು.

ಅವನು ಬಂದು ಬೇರಿಂಗನ್ನು ದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಪಿನ್ ಎರಡೂ ಹಾಕಿದ್ರಾ?" ಎಂದು ಮಾತ್ರ ಕೇಳಿದ. ತಾತನ ವಿಷಯ ಹೇಳಿದೆವು.

ಮರು ಭಾನುವಾರ ಪೂಜೆ ಮುಗಿದ ಮೇಲೆ, ಫಾದರ್ ಅನುಮತಿ ಪಡೆದು, ಆ ರಾತ್ರಿ ಗಾಡಿಯಲ್ಲಿದ್ದ ಮಕ್ಕಳ ಮನೆಯವರನ್ನೆಲ್ಲ ನಿಲ್ಲಿಸಿಕೊಂಡು ಹೇಳಬೇಕಾದ್ದನ್ನು ಹೇಳಿದೆವು. ಅವನು ಆ ದಿನ ಬಂದಿರಲಿಲ್ಲ. ಗರಿಗಳ ಭಾನುವಾರ ಬಂದ. ಕೀ ಕೊಟ್ಟೆವು. ನೇಮಕಲ್ಲಿನ ಅಜ್ಜಿಯನ್ನು ಬಿಡಲು ಹೊರಟಾಗ ನಾವು ಹಿಂದಿನ ಸೀಟಿನಲ್ಲಿ ಕೂತೆವು. ನೇರ ರಸ್ತೆ ಬಂತು, ನಾಲ್ಕನೇ ಗೇರಿಗೆ ಹಾಕಿದ. ಅಭ್ಯಾಸಕ್ಕೆ ಎಡಗೈ ಲಿವರಿನ ಮೇಲೆಯೇ ಇತ್ತು. ಬಹಳ ದೂರ ಹಾಗೇ ಒತ್ತಿ ಹಿಡಿದಿದ್ದ. ಆಮೇಲೆ ಯಾವಾಗಲೋ ಕೈ ತೆಗೆದು ಸ್ಟೇರಿಂಗಿನ ಮೇಲಿಟ್ಟ.

ಗಾಯನ ಮಂಡಳಿಗೆ ಇನ್ನೂ ಬಂದಿಲ್ಲ. ಅವನ ಜಾಗ ಖಾಲಿ ಇಟ್ಟಿದ್ದೇವೆ.