ಟವೆಲ್ ಕೆಳಗಿನ ಕೈ ಯಾರದು?

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ದುಡ್ಡು ಕೈಗೆ ಬರೋದು ಬಲು ನಿಧಾನ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ, ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು, ಅಲ್ಲಾಡಿಸಿದಾಗ ಲೊಟಲೊಟ ಅನ್ನೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಆಮೇಲೆ ಸುಲಿದು, ಒಡೆದು, ಚೀಲ ತುಂಬಿ ತಿಪಟೂರು ಮಾರ್ಕೆಟ್ಟಿಗೆ. ಅಷ್ಟು ಕಾದಿದ್ದೆಲ್ಲ ಕೊನೆಗೆ ಮಂಡಿಯ ಕಂಪ್ಯೂಟರಿನಲ್ಲಿ ಒಂದು ಸಾಲಾಗುತ್ತೆ: ಹೆಸರು, ತೂಕ, ರೇಟು, ಬ್ಯಾಂಕ್ ಖಾತೆ ನಂಬರು. ಆ ನಂಬರನ್ನು ದಾರಿಯಲ್ಲಿ ಯಾರಾದರೂ ತಿದ್ದಿದರೆ ಒಬ್ಬ ರೈತನ ಒಂದು ವರ್ಷ ಹೋಯ್ತು ಅಂತಲೇ ಲೆಕ್ಕ.

ನನ್ನ ಸೋದರಮಾವನ ಮಂಡಿ ತಿಪಟೂರಲ್ಲಿ. ಲೆಕ್ಕ ಬರೆದು, ಪಾವತಿ ಪಟ್ಟಿಯನ್ನು ಬ್ಯಾಂಕಿಗೆ ಕೊಡೋರು ತುರುವೇಕೆರೆಯಲ್ಲಿ. ಪಟ್ಟಿ ಪೆನ್‌ಡ್ರೈವಿನಲ್ಲಿ ಕೂತು ಬಸ್ಸಲ್ಲಿ ಹೋಗ್ತಿತ್ತು. "ಅಳಿಮಯ್ಯ, ದಿನಾ ಸಂಜೆ ತಾನಾಗೇ ಹೋಗಂಗೆ ಏನಾದ್ರೂ ಮಾಡ್ಕೊಡು" ಅಂದರು. ಪೈಥಾನಿನ ಪ್ಯಾರಾಮಿಕೋ ಲೈಬ್ರರಿ ಇಟ್ಟುಕೊಂಡು ನಲವತ್ತು ಸಾಲಿನ ಸ್ಕ್ರಿಪ್ಟ್ ಬರೆದೆ.

ಪ್ಯಾರಾಮಿಕೋ ಮಾತಾಡೋದು ಎಸ್‌ಎಸ್‌ಎಚ್ ಭಾಷೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೇಳಿ ಪಾಸ್‌ವರ್ಡ್ ಹಿಡಿದರು. ಆ ಘಟನೆಯಾದ ಮೇಲೆ ಅಲ್ಲಿನ ಟಾಟು ಯ್ಲೋನೆನ್ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ ಪೋರ್ಟ್ 21, ಟೆಲ್‌ನೆಟ್ಟಿನದು 23. ಎರಡಕ್ಕೂ ಬದಲಿಯಾಗಲಿ ಅಂತ ನಡುವೆ ಖಾಲಿ ಇದ್ದ 22ನ್ನು ಕೇಳಿ ಪಡೆದರು.

ಎಫ್‌ಟಿಪಿ ಅಂದರೆ ಸಂತೆಯಲ್ಲಿ ಕೂಗಿ ರೇಟು ಹೇಳಿದ ಹಾಗೆ. ಪಕ್ಕದಲ್ಲಿ ನಿಂತವನಿಗೆಲ್ಲ ಕೇಳುತ್ತೆ. ಎಸ್‌ಎಸ್‌ಎಚ್ ಅಂದರೆ ಸಿದ್ಧಗಂಗೆ ದನದ ಜಾತ್ರೆಯ ವ್ಯಾಪಾರ. ದಲ್ಲಾಳಿ ಕೈ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ಬೆಲೆ ಹೇಳ್ತಾನೆ. ವ್ಯಾಪಾರ ನಡೀತಿದೆ ಅಂತ ಇಡೀ ಜಾತ್ರೆಗೆ ಗೊತ್ತು, ಎಷ್ಟಕ್ಕೆ ಅಂತ ಇಬ್ಬರಿಗೇ ಗೊತ್ತು.

ನಮ್ಮಲ್ಲಿ ಬಹಳ ಜನ ಸೆಕ್ಯುರಿಟಿ ಅಂದರೆ ಈ ಟವೆಲ್ ಅಷ್ಟೇ ಅಂದುಕೊಂಡಿದ್ದೀವಿ. ಆದರೆ ಟವೆಲ್ ಕೆಳಗಿರೋ ಕೈ ಬೇರೆಯವನದಾದರೆ? ಗುಟ್ಟಾಗಿ, ಅಚ್ಚುಕಟ್ಟಾಗಿ, ಎಲ್ಲವನ್ನೂ ಕಳ್ಳನಿಗೇ ಒಪ್ಪಿಸಿದ ಹಾಗಾಯ್ತು.

ಅದಕ್ಕೇ ಪ್ರತಿ ಎಸ್‌ಎಸ್‌ಎಚ್ ಸರ್ವರಿಗೂ ಒಂದು ಹೋಸ್ಟ್ ಕೀ ಇರುತ್ತೆ. ಗುರುತಿಲ್ಲದ ಕೀ ಎದುರಾದರೆ ಪ್ಯಾರಾಮಿಕೋ ತಾನಾಗಿ ಒಪ್ಪಲ್ಲ, ಕನೆಕ್ಷನ್ ಕಡಿದುಬಿಡುತ್ತೆ. ಅದು ಕಿರಿಕಿರಿ ಅಂತ ಎಷ್ಟೋ ಮಾದರಿ ಕೋಡುಗಳಲ್ಲಿ ಆಟೋಆಡ್‌ಪಾಲಿಸಿ ಅನ್ನೋ ಒಂದು ಸಾಲು ಹಾಕಿರ್ತಾರೆ. ಅರ್ಥ ಇಷ್ಟೇ: "ಗುರುತಿಲ್ಲದವರು ಯಾರೇ ಬಂದರೂ ಹೆಸರು ಬರಕೋ, ಒಳಗೆ ಬಿಡು."

ನಾನು ಆ ಸಾಲು ಹಾಕಲಿಲ್ಲ. ತುರುವೇಕೆರೆ ಆಫೀಸಿಗೆ ಫೋನ್ ಮಾಡಿ, ಸರ್ವರ್ ಮುಂದೆಯೇ ಕೂತು ಅದರ ಫಿಂಗರ್‌ಪ್ರಿಂಟ್ ಓದಿ ಅಂದೆ. 43 ಅಕ್ಷರ. ದೊಡ್ಡಕ್ಷರ, ಚಿಕ್ಕಕ್ಷರ ಬಿಡಿಸಿ ಹೇಳಿಸಿಕೊಂಡು, ತಾಳೆ ನೋಡಿ, ಆಮೇಲೆ ಆ ಕೀಯನ್ನು ಮಂಡಿಯ ಕಂಪ್ಯೂಟರಿನಲ್ಲಿ ಉಳಿಸಿದೆ. ಇನ್ನೆರಡು ಕೆಲಸವನ್ನೂ ಮಾಡಿದೆ. ಸ್ಕ್ರಿಪ್ಟಿನಲ್ಲಿ ಪಾಸ್‌ವರ್ಡ್ ಬರೆಯದೆ ಕೀ ಜೋಡಿ ಬಳಸಿದೆ: ಖಾಸಗಿ ಕೀ ತಿಪಟೂರು ಬಿಟ್ಟು ಕದಲಲ್ಲ, ಸಾರ್ವಜನಿಕ ಕೀ ಮಾತ್ರ ತುರುವೇಕೆರೆಯಲ್ಲಿ. ಇನ್ನೊಂದು ಕರೆಂಟಿಗಾಗಿ. ನಮ್ಮ ಕಡೆ ಅದು ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಹಾಗಾಗಿ ಫೈಲು ಮೊದಲು ತಾತ್ಕಾಲಿಕ ಹೆಸರಲ್ಲಿ ಹೋಗುತ್ತೆ. ಪೂರ್ತಿ ತಲುಪಿದ ಮೇಲಷ್ಟೇ ನಿಜವಾದ ಹೆಸರು. ಅರ್ಧ ಬಂದ ಪಟ್ಟಿಯನ್ನು ಯಾರೂ ಪೂರ್ತಿ ಅಂದುಕೊಂಡು ಪಾವತಿ ಮಾಡಬಾರದು.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಸ್ಕ್ರಿಪ್ಟ್ ನಿಂತುಬಿಡ್ತು. ಹೋಸ್ಟ್ ಕೀ ತಾಳೆಯಾಗ್ತಿಲ್ಲ. ಮಾವನ ಫೋನು: "ಜನ ದುಡ್ಡಿಗೆ ಕಾಯ್ತಾ ಕೂತವ್ರೆ. ಅದೇನು ಚೆಕ್ಕೋ ಪಕ್ಕೋ, ತೆಗ್ದಾಕು ಅತ್ಲಾಗೆ."

"ಮಾವ, ಹೊಸಬ ಯಾವನೋ ಬಂದು ಹತ್ತು ಚೀಲ ಕೊಬ್ಬರಿ ಸಾಲಕ್ಕೆ ಕೇಳಿದ್ರೆ ಕೊಡ್ತೀರಾ?"

"ಯಾವೂರು, ಯಾರ ಮಗ ಅಂತ ಕೇಳ್ದೆ ಹೆಂಗ್ ಕೊಡಾಣ?"

"ಇದೂ ಅದನ್ನೇ ಕೇಳ್ತಾ ಇರೋದು."

ಮಾವ ಸುಮ್ಮನಾದರು. ವಿಚಾರಿಸಿದರೆ ತುರುವೇಕೆರೆಯಲ್ಲಿ ಡಿಸ್ಕ್ ಹೋಗಿ, ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರು, ಕೀಯೂ ಹೊಸದಾಗಿತ್ತು. ಮತ್ತೆ 43 ಅಕ್ಷರ ಓದಿಸಿದೆ. ಪಟ್ಟಿ ರಾತ್ರಿ ಒಂಬತ್ತಕ್ಕೆ ಹೋಯ್ತು, ದುಡ್ಡು ಒಂದು ದಿನ ತಡವಾಯ್ತು. ಹನ್ನೊಂದು ತಿಂಗಳು ಕಾದವರಿಗೆ ಆ ಒಂದು ದಿನವೂ ಭಾರವೇ, ನಿಜ. ಆದರೂ ಅವತ್ತು ಕಳ್ಳನೇ ಇದ್ದಿದ್ದರೂ ಪರದೆಯ ಮೇಲೆ ಬರ್ತಿದ್ದದ್ದು ಅದೇ ಎರರ್. ಕೇಳದೆ ಗೊತ್ತಾಗೋ ದಾರಿ ಇರಲಿಲ್ಲ.

ಪ್ಯಾರಾಮಿಕೋ ಅನ್ನೋ ಹೆಸರು ಎಸ್ಪೆರಾಂಟೋ ಭಾಷೆಯ ಎರಡು ಪದ ಸೇರಿ ಆಗಿದ್ದಂತೆ: ಒಂದಕ್ಕೆ ಅತಿ ಅನುಮಾನದವನು ಅಂತ ಅರ್ಥ, ಇನ್ನೊಂದಕ್ಕೆ ಗೆಳೆಯ ಅಂತ. ನಿಮ್ಮ ಆಫೀಸಿನ ಸ್ಕ್ರಿಪ್ಟುಗಳಲ್ಲಿ ಆಟೋಆಡ್‌ಪಾಲಿಸಿ ಅಂತ ಒಮ್ಮೆ ಹುಡುಕಿ ನೋಡಿ. ಸಿಕ್ಕರೆ, ಆ ಸರ್ವರ್ ಹತ್ತಿರ ಇರೋರಿಗೆ ಇವತ್ತೇ ಒಂದು ಫೋನ್ ಮಾಡಿ.