ಹಳೆಯ ದೋಣಿ, ಹೊಸ ಶಿಷ್ಯ

ನಲವತ್ತಮೂರನೆಯ ವಯಸ್ಸಿನಲ್ಲಿ ನಾನು ಹಳೆಯ ಹಾಯಿದೋಣಿಯೊಂದನ್ನು ಕೊಂಡಾಗ ಕಾಲೇಜಿನ ಗೆಳೆಯರು ನಕ್ಕರು, ಹೆಂಡತಿ ನಗಲಿಲ್ಲ. ಕೊಂಡ ಬೆಲೆಗಿಂತ ಆಮೇಲೆ ತೆತ್ತದ್ದೇ ಹೆಚ್ಚು. ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕಬೇಕು. ಹೊರಮೈಗೆ ಗೇರೆಣ್ಣೆ ಬಳಿಯಬೇಕು. ಮರೆತಿರೋ, ಕಡಲಹುಳು ಹಲಗೆಯನ್ನು ಜರಡಿ ಮಾಡಿಬಿಡುತ್ತದೆ.

ನಡೆಸುವುದನ್ನು ಕಲಿಸಬೇಕಾದವರು ಅಪ್ಪ. ನನ್ನನ್ನು ಎಂ.ಎ. ಓದಿಸಲು ಅವರು ತಮ್ಮ ದೋಣಿಯನ್ನು ಮಾರಿದ್ದರು. "ಹೋಗಲಿ ಬಿಡಿ, ಹಳೆಯದು" ಎಂದು ಅಂದು ನಾನಾಡಿದ ಮಾತಿಗೆ ಅವರು ಉತ್ತರ ಕೊಟ್ಟಿರಲಿಲ್ಲ. ಮತ್ತೆ ದೋಣಿ ಹತ್ತಿಯೂ ಇರಲಿಲ್ಲ. ಈ ಸಲ ಹೇಗೋ ಒಪ್ಪಿ ಬಂದರು.

ನಮ್ಮ ಕಾರವಾರದಲ್ಲಿ ಬೇಸಿಗೆಯ ಮಧ್ಯಾಹ್ನ ಗಾಳಿ ಕಡಲಿನಿಂದ ಬೀಸುತ್ತದೆ. ಕಾಳಿ ನದಿಯ ಅಳಿವೆಯಲ್ಲಿ ನಾನು ದೋಣಿಯನ್ನು ನೆಟ್ಟಗೆ ಪಡುವಣಕ್ಕೆ ತಿರುಗಿಸಿದೆ. ಹಾಯಿ ಪಟಪಟನೆ ಬಡಿದು, ದೋಣಿ ನಿಂತೇಬಿಟ್ಟಿತು. "ಗಾಳಿಯ ಎದುರು ನೆಟ್ಟಗೆ ಹೋಗಲಾಗದು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಓರೆಯಾಗಿ ಹೋಗಬೇಕು" ಎಂದರು ಅಪ್ಪ. ಎರಡು ಸಲ ತಿರುಗಿಸಿದೆ; ಎರಡು ಸಲವೂ ಸೋತೆ. ಅವರು ಮಾತಿಲ್ಲದೆ ನನ್ನ ಕೈಯಿಂದ ಚುಕ್ಕಾಣಿ ತೆಗೆದುಕೊಂಡರು. ಹೊತ್ತು ಮುಳುಗುವವರೆಗೂ ಹಿಂದಕ್ಕೆ ಕೊಡಲಿಲ್ಲ. ನಾನೂ ಕೇಳಲಿಲ್ಲ.